ಒಳಗಿನ ಚಿಲಕ

“ಎಡಕ್ಕೆ ಓರೆ ಮಾಡಿ… ನಿಮ್ಮೆಡ ಅಲ್ಲ, ನನ್ನೆಡ! ತಡೀರಿ, ತಡೀರಿ. ಎಲ್ಲೋ ಸಿಕ್ಕಿಹಾಕ್ಕೊಂಡಿದೆ.”

ತಲೆಯ ಕಡೆ ಹಿಡಿದಿದ್ದ ಬಡಗಿ ಬಗ್ಗಿ ನೋಡಿದ. ಶವಪೆಟ್ಟಿಗೆ ಅರ್ಧ ಮನೆಯೊಳಗಿತ್ತು, ಅರ್ಧ ಹೊರಗಿನ ಮೆಟ್ಟಿಲ ಮೇಲಿತ್ತು. ಬಾಗಿಲ ಚೌಕಟ್ಟಿನ ಒಳಬದಿಯಲ್ಲಿ ಬೆರಳಿನಷ್ಟು ಚಾಚಿಕೊಂಡಿದ್ದ ಚಿಲಕದ ಹಿತ್ತಾಳೆ ಕೊಂಡಿ ಅದರ ಪಕ್ಕವನ್ನು ಕಚ್ಚಿ ಹಿಡಿದಿತ್ತು.

“ಈ ಕೊಂಡಿ ಅಡ್ಡ ಬರ್ತಿದೆ. ಎರಡು ಸ್ಕ್ರೂ, ಅಷ್ಟೆ. ಇವನ ಚೀಲದಲ್ಲೇ ಸ್ಕ್ರೂಡ್ರೈವರ್ ಇರುತ್ತೆ. ತಂಗೀ, ಆ ಚೀಲ ಸ್ವಲ್ಪ ಕೊಡಮ್ಮ.”

“ಬೇಡ,” ಎಂದಳು ಸತ್ತವನ ಹೆಂಡತಿ.

ಅಂದುಕೊಂಡದ್ದಕ್ಕಿಂತ ಜೋರಾಗಿ ಬಂತು. ಮೊನ್ನೆ ಸಂಜೆಯಿಂದ ಅವಳು ಅಷ್ಟು ಜೋರಾಗಿ ಏನನ್ನೂ ಹೇಳಿರಲಿಲ್ಲ. ಎಲ್ಲರೂ ತಿರುಗಿ ನೋಡಿದರು.

“ಅವರೇ ಕೈಯಾರೆ ಹಾಕಿದ್ದಲ್ವಾ, ಬಿಡಿ,” ಎಂದಳು ಮೇಲಿನ ಮನೆಯಾಕೆ, ಎಲ್ಲರ ಪರವಾಗಿ ಅರ್ಥ ಮಾಡಿಕೊಂಡು.

ಬಿಟ್ಟರು. ನಾಲ್ವರು ಉಸಿರು ಬಿಗಿಹಿಡಿದು ತಳ್ಳಿದರು. ಕರ್ ಎಂದು ಸದ್ದಾಯಿತು. ಪೆಟ್ಟಿಗೆ ಹೊರಗೆ ಬಂದಾಗ ಹೊಸ ಪಾಲಿಶಿನ ಮೇಲೆ ಭುಜದ ಹತ್ತಿರದಿಂದ ಮೊಣಕಾಲಿನವರೆಗೆ ಒಂದು ಬಿಳಿ ಗೀರು ಎದ್ದಿತ್ತು. ಬಡಗಿ ಹೆಬ್ಬೆರಳಿಗೆ ಎಂಜಲು ಹಚ್ಚಿ ಉಜ್ಜಿ ನೋಡಿದ.

“ಊರೋರ ಬಾಗಿಲೆಲ್ಲ ಒಂದು ಗೀರಿಲ್ದೆ ತೆಗೆದೋನು ನೀನು,” ಎಂದ, ಪೆಟ್ಟಿಗೆಗೆ. “ಕೊನೆಗೆ ನಿನ್ನನ್ನೇ ಗೀರಿಬಿಟ್ವಲ್ಲೋ.”

ಒಳಗೆ ಮಲಗಿದ್ದವನು ಬೀಗ ರಿಪೇರಿಯವನು. ವಯಸ್ಸು ಮೂವತ್ತೊಂಬತ್ತು. ಕೀಲಿ ಕಳೆದುಕೊಂಡವರು, ಕೀಲಿ ಒಳಗಿಟ್ಟು ಬಾಗಿಲೆಳೆದುಕೊಂಡವರು ಎಲ್ಲ ಕರೆಯುತ್ತಿದ್ದುದು ಅವನನ್ನೇ. ಮೊನ್ನೆ ಸಂಜೆ ತನ್ನದೇ ಮನೆಯ ಮೆಟ್ಟಿಲ ಮೇಲೆ, ಮುಚ್ಚಿದ ಬಾಗಿಲಿಗೆ ಒರಗಿ, ಹೃದಯ ನಿಂತು ಸತ್ತಿದ್ದ. ಕ್ಷಣದಲ್ಲಿ ಆಗಿರುತ್ತೆ, ಯಾರೂ ಏನೂ ಮಾಡುವ ಹಾಗಿರಲಿಲ್ಲ ಎಂದಿದ್ದರು ಡಾಕ್ಟರು. ಎಷ್ಟು ಹೊತ್ತು ಅಲ್ಲಿ ಕೂತಿದ್ದ ಎಂದು ಅವರು ಕೇಳಲಿಲ್ಲ.

“ಇವಳು ಹಿಂದಿನ ರೂಮಲ್ಲಿ ಇಸ್ತ್ರಿ ಮಾಡ್ತಿದ್ಳು,” ಮೇಲಿನ ಮನೆಯಾಕೆ ಆಗಷ್ಟೇ ಬಂದವರಿಗೆ ಹೇಳುತ್ತಿದ್ದಳು. “ಪಾಪ, ಕೇಳಿಸ್ಲೇ ಇಲ್ಲ. ಆಮೇಲೆ ಬಂದು ಬಾಗಿಲು ತೆಗೀತಾಳೆ, ಒಳಕ್ಕೆ ವಾಲಿಬಿಟ್ರಂತೆ.”

ನಿನ್ನೆ ಬೆಳಿಗ್ಗೆ ಈ ಕತೆಯಲ್ಲಿ ಇಸ್ತ್ರಿ ಮಾತ್ರ ಇತ್ತು. ಮಧ್ಯಾಹ್ನಕ್ಕೆ ಫ್ಯಾನು ಓಡತೊಡಗಿತು. ಸಂಜೆ ರೇಡಿಯೊ ಸೇರಿತು. ಇವತ್ತು ನಡುಮನೆಯ ಬಾಗಿಲೂ ಮುಚ್ಚಿಕೊಂಡಿತು. ಹೆಂಡತಿ ಯಾವುದನ್ನೂ ತಿದ್ದಲಿಲ್ಲ.

ಗಾಡಿಯಲ್ಲಿ ಅತ್ತೆ ಅವಳ ಪಕ್ಕ ಕೂತರು. ಮಗನ ಕೆಲಸದ ಚೀಲವನ್ನು ಮನೆಯಲ್ಲಿ ಬಿಟ್ಟು ಬರಲು ಅವರು ಒಪ್ಪಿರಲಿಲ್ಲ, ತೊಡೆಯ ಮೇಲಿಟ್ಟುಕೊಂಡಿದ್ದರು. ಗಾಡಿ ತಿರುಗಿದಾಗಲೆಲ್ಲ ಒಳಗಿನ ಕೀಲಿಗಳು ಗಲಗಲ ಎನ್ನುತ್ತಿದ್ದವು.

“ಏನೂ ಅನ್ಲಿಲ್ವಾ ಅವನು?” ಎಂದು ಕೇಳಿದರು. ಇದು ನಾಲ್ಕನೆಯ ಸಲ. “ಒಂದು ಮಾತು?”

“ಇಲ್ಲ ಅತ್ತೆ. ಕೇಳಿಸ್ಲಿಲ್ಲ.”

“ಅವರಪ್ಪ ಹೋಗೋವಾಗ ನೀರು ಅಂದ್ರು. ನೀರು ಅಂತಾದ್ರೂ ಅಂದ್ರು.” ಅತ್ತೆ ಚೀಲದ ಹಿಡಿಯನ್ನು ಸರಿಮಾಡಿಕೊಂಡರು. “ಅಷ್ಟಾದ್ರೂ ನನ್ನ ಹತ್ರ ಇದೆ.”

*

ಸಭಾಪಾಲಕರು ಈ ಚರ್ಚಿಗೆ ಬಂದ ಮೊದಲ ವರ್ಷ, ನಿಲುವಂಗಿಗಳನ್ನೂ ಬೆಳ್ಳಿ ಬಟ್ಟಲುಗಳನ್ನೂ ಇಡುವ ಪಕ್ಕದ ಕೋಣೆಯ ಬೀಗದಲ್ಲಿ ಕೀಲಿ ಮುರಿದುಕೊಂಡರು. ಬೀಗದವನು ಬಂದು ಬಾಗಿಲ ಮುಂದೆ ಮೊಣಕಾಲೂರಿದ. ಅವನ ಹೆಂಡತಿ ಅಲ್ಲೇ ಜಗಲಿಯ ಮೇಲೆ ಭಾನುವಾರದ ತರಗತಿಯ ಮಕ್ಕಳ ಪುಸ್ತಕಗಳನ್ನು ಜೋಡಿಸುತ್ತಿದ್ದಳು.

“ನೀವು ಮೊಣಕಾಲೂರಿದ್ದು ನೋಡಿ ಸಂತೋಷ ಆಯ್ತು,” ಎಂದರು ಸಭಾಪಾಲಕರು.

“ಬೀಗಕ್ಕೆ ಅಯ್ಯನವರೇ. ಅದು ಕೆಳಗಿದೆ, ಏನ್ಮಾಡೋದು.”

“ಭಾನುವಾರ ಆ ಒಂದು ಸಾಲಿಗೆ ಬಾಯಿ ಮುಚ್ಕೋತೀರಿ. ನಾನು ಮೇಲಿಂದ ನೋಡ್ತಿರ್ತೀನಿ.”

ಆ ಸಭೆಯಲ್ಲಿ ಪ್ರತಿ ಆರಾಧನೆಯಲ್ಲೂ, ಮದುವೆಯಾಗಲಿ ಮಣ್ಣಾಗಲಿ, ಎಲ್ಲರೂ ಎದ್ದು ನಿಂತು ಒಟ್ಟಿಗೆ ಪಾಪದ ಅರಿಕೆ ಹೇಳುತ್ತಿದ್ದರು. ಅದರ ಕೊನೆಯ ಸಾಲು: ‘ನಮ್ಮಲ್ಲಿ ಕೆಡದೆ ಉಳಿದದ್ದು ಏನೂ ಇಲ್ಲ.’

“ನಾನು ಪಾಪ ಮಾಡಿಲ್ಲ ಅಂತಿಲ್ಲ,” ಎಂದ ಬೀಗದವನು. “ಪಟ್ಟಿ ಕೇಳಿ, ಕೊಡ್ತೀನಿ. ಇವಳೂ ಒಂದಷ್ಟು ಸೇರಿಸ್ತಾಳೆ. ಏನೂ ಉಳಿದಿಲ್ಲ ಅನ್ನೋದೊಂದು ನನ್ನ ಬಾಯಲ್ಲಿ ಬರಲ್ಲ.”

“ಏನೂ ಇಲ್ಲ ಅಂದ್ರೆ ನಾವು ಮಾಡೋದೆಲ್ಲ ಕೆಟ್ಟದ್ದು ಅಂತಲ್ಲ. ಕೆಡುಕು ಮುಟ್ಟದ ಮೂಲೆ ಒಂದೂ ಇಲ್ಲ ಅಂತ. ಬುದ್ಧಿ, ಮನಸ್ಸು, ಕೊನೆಗೆ ನಮ್ಮ ಒಳ್ಳೇತನವೂ. ಹಾಲಿನ ಪಾತ್ರೆಗೆ ಹುಳಿ ಬಿದ್ರೆ ಯಾವ ಚಮಚ ತೆಗೆದು ಇದು ಚೆನ್ನಾಗಿದೆ ಅಂತೀರಿ?”

ಬೀಗದವನು ತಂತಿಯನ್ನು ಬೀಗದೊಳಗೆ ಇನ್ನಷ್ಟು ತೂರಿಸಿದ. ಅವನ ಬೆರಳುಗಳು ಕಂಡೂ ಕಾಣದಷ್ಟು ಅಲ್ಲಾಡುತ್ತಿದ್ದವು.

“ಈ ಬೀಗ ನೋಡಿ. ಮೂವತ್ತು ವರ್ಷದ ತುಕ್ಕು. ಒಳಗೆ ಕೀಲಿ ಎತ್ತೋ ಐದು ಪಿನ್ನು. ನಾಲ್ಕು ಹಠ ಹಿಡಿದಿವೆ. ಐದನೇದು ಒಂಚೂರು ಅಲ್ಲಾಡ್ತಿದೆ. ಅದೂ ಅಲ್ಲಾಡದಿದ್ರೆ ನಾನು ತೆಗೆಯೋ ಮಾತೇ ಇಲ್ಲ. ಒಡೀಬೇಕಷ್ಟೆ.”

“ಸರಿ. ಆ ಐದನೇದು ತಾನಾಗೇ ಬಾಗಿಲು ತೆಗೀತಾ? ಹೊರಗಿಂದ ಒಂದು ಕೈ ಬಂತು. ಅದಕ್ಕೇ ನಾವು ಕೃಪೆ ಅನ್ನೋದು.”

ಬೀಗ ಕಟ್ಟೆಂದು ತೆರೆಯಿತು.

“ಇದು ನಿಮಗೊಂದು,” ಎಂದು ಬೀಗದವನು ಬೆರಳೆತ್ತಿ ಲೆಕ್ಕ ಕೊಟ್ಟ.

ಸಭಾಪಾಲಕರು ಖುಷಿಯಾಗಿ ಟೀ ತರಲು ಹೊರಟರು. ಹತ್ತು ಹೆಜ್ಜೆ ಹೋಗಿರಲಿಲ್ಲ.

“ಅಯ್ಯನವರೇ! ಬೆಳ್ಳಿ ಬಟ್ಟಲು ಇಲ್ಲೇ ಇವೆ. ಏನೂ ಉಳಿದಿಲ್ಲದ ಮನುಷ್ಯನ್ನ ಒಬ್ಬನ್ನೇ ಬಿಟ್ಟು ಹೋಗ್ತಿದೀರಲ್ಲ?”

ಸಭಾಪಾಲಕರು ನಿಂತರು. ತೆರೆದ ಬಾಗಿಲನ್ನು ತಿರುಗಿ ನೋಡಿದರು. ಹಾಗೇ ಬಿಟ್ಟು ಟೀ ತರಲು ಹೋದರು. ಅವತ್ತಿನಿಂದ ವಾರಕ್ಕೊಮ್ಮೆ ಇಬ್ಬರೂ ಕೂತು ಇದನ್ನೇ ವಾದಿಸುತ್ತಿದ್ದರು. ಇಬ್ಬರಿಗೂ ಅದಿಲ್ಲದೆ ವಾರ ಸಾಗುತ್ತಿರಲಿಲ್ಲ.

ಹೆಂಡತಿ ಮಾತ್ರ ನಗಲಿಲ್ಲ. ಅವಳು ಆ ಸಾಲನ್ನು ಐದನೆಯ ವಯಸ್ಸಿನಲ್ಲಿ ಕಲಿತವಳು, ಈಗ ಐದು ವರ್ಷದವರಿಗೆ ಕಲಿಸುವವಳು. ಅವಳಿಗೆ ಅದು ಮನೆಯ ಗೋಡೆಯಿದ್ದ ಹಾಗಿತ್ತು. ಬೆನ್ನು ಆನಿಸಿ ಕೂರಬಹುದಿತ್ತು.

*

ಚರ್ಚಿನಲ್ಲಿ ಪೆಟ್ಟಿಗೆಯನ್ನು ಗೀರು ಬಿದ್ದ ಬದಿ ಗೋಡೆಯ ಕಡೆ ಬರುವಂತೆ ಇಟ್ಟಿದ್ದರು. ಬಡಗಿಯ ಉಪಾಯ. ಅವನು ಬೀಗದವನ ಜೊತೆ ಹದಿನೈದು ವರ್ಷ ಕೆಲಸ ಮಾಡಿದ್ದ. ಇವನು ಬಾಗಿಲು ನಿಲ್ಲಿಸಿದರೆ ಅವನು ಬೀಗ ಕೂರಿಸುತ್ತಿದ್ದ. ಚರ್ಚಿಗೆ ಬರುವ ಅಭ್ಯಾಸವಿಲ್ಲದೆ ಎಲ್ಲರೂ ಎದ್ದಾಗ ಕೂರುತ್ತಿದ್ದ, ಕೂತಾಗ ಏಳುತ್ತಿದ್ದ.

ಅರಿಕೆಗೆ ಎಲ್ಲರೂ ಎದ್ದರು. ಹೆಂಡತಿಯೂ ಎದ್ದಳು. ನೂರು ದನಿಗಳು ಒಂದೇ ತಗ್ಗಿದ ಸ್ವರದಲ್ಲಿ ಸಾಲಿನಿಂದ ಸಾಲಿಗೆ ಹೋದವು. ಕೊನೆಯ ಸಾಲು ಬಂದಾಗ ಅವಳ ಎಡಗಿವಿ, ಹನ್ನೊಂದು ವರ್ಷದ ಅಭ್ಯಾಸದಿಂದ, ಪಕ್ಕದ ಮೌನಕ್ಕಾಗಿ ಕಾಯಿತು. ಅಲ್ಲಿ ಬಡಗಿಯಿದ್ದ. ಅವನೂ ತುಟಿ ಬಿಗಿದು ಪೆಟ್ಟಿಗೆಯನ್ನೇ ನೋಡುತ್ತಿದ್ದ.

‘ನಮ್ಮಲ್ಲಿ ಕೆಡದೆ ಉಳಿದದ್ದು ಏನೂ ಇಲ್ಲ.’

ಎಷ್ಟು ಸಲೀಸಾಗಿ ಬಂತು. ನೀರಿಗೆ ಬಿಟ್ಟ ಕಲ್ಲಿನ ಹಾಗೆ ಅವಳು ಮಾಡಿದ್ದು ಆ ಸಾಲಿನೊಳಗೆ ಮುಳುಗಿಹೋಯಿತು. ನೂರು ಜನ ಕೆಟ್ಟವರು, ಅವರ ನಡುವೆ ಇವಳೊಬ್ಬಳು. ಮೊನ್ನೆಯಿಂದ ಮೊದಲ ಬಾರಿಗೆ ಎದೆ ಹಗುರಾಯಿತು. ಮರುಕ್ಷಣ ಆ ಹಗುರವೇ ಅವಳಿಗೆ ಹೇಸಿಗೆಯಾಯಿತು. ಏನೂ ಉಳಿದಿಲ್ಲ ಎಂದಾದರೆ ಅವಳು ಇನ್ನೇನು ಮಾಡಬಹುದಿತ್ತು? ಆದರೆ ಅವನು ಹೇಳುತ್ತಿದ್ದುದು ನಿಜವಾಗಿದ್ದರೆ, ಮಾಡಬಹುದಿತ್ತು.

ಸಭಾಪಾಲಕರು ಪ್ರಸಂಗ ಪೀಠಕ್ಕೆ ಹೋದರು. ಕಾಗದ ಬಿಡಿಸಿದರು. “ನಮ್ಮ ಈ ಸಹೋದರ ಒಳ್ಳೆಯ ಮನುಷ್ಯ,” ಎಂದರು. ಅಲ್ಲಿಗೇ ನಿಂತರು. ಕಾಗದದಲ್ಲಿ ಆ ಮಾತು ಇರಲಿಲ್ಲವೆಂದು ಅವರ ಮುಖ ನೋಡಿದರೆ ತಿಳಿಯುತ್ತಿತ್ತು. ಜನ ಕಾದರು. ಅವರು ಅದನ್ನು ತಿದ್ದಲೂ ಇಲ್ಲ, ಮುಂದುವರಿಸಲೂ ಇಲ್ಲ; ಕನ್ನಡಕ ತೆಗೆದು ಒರೆಸಿಕೊಂಡರು.

“ಗೆದ್ದ ನೋಡು ಕಳ್ಳ,” ಎಂದು ಬಡಗಿ ಪಿಸುಗುಟ್ಟಿದ. ಆಮೇಲೆ ಮುಖ ಮುಚ್ಚಿಕೊಂಡು ಅತ್ತ.

*

ಚಿಲಕ ಬೇಕೆಂದವಳು ಅವಳೇ. ಎರಡು ವರ್ಷದ ಹಿಂದೆ ಬೀದಿಯಲ್ಲಿ ಒಂದು ಮನೆಗೆ ಕಳ್ಳರು ನುಗ್ಗಿದ್ದರು.

“ಬೀಗ ಇದೆಯಲ್ಲ,” ಎಂದ ಅವನು. “ನಾನೇ ಹಾಕಿದ್ದು.”

“ಬೀಗ ನಿಮ್ಮಂಥೋರು ತೆಗೀತಾರೆ.”

“ನನ್ನಂಥೋರು ಅಂದ್ರೆ?”

“ಮನುಷ್ಯರು ರೀ. ಎಲ್ಲರೂ ಒಂದೇ.”

ಅವನು ನಗುತ್ತಾ ಹಿತ್ತಾಳೆಯ ಚಿಲಕ ತಂದ. ಕೂರಿಸಿ, ಎಣ್ಣೆ ಬಿಟ್ಟು, ಇಪ್ಪತ್ತು ಸಲ ಎಳೆದು ತಳ್ಳಿದ. “ಇದಕ್ಕೆ ಕೀಲಿತೂತು ಇಲ್ಲ ಕಣೇ. ಹೊರಗಿಂದ ನಾನೂ ಸೊನ್ನೆ. ಒಳಗಿರೋರು ಮನಸ್ಸು ಮಾಡ್ಬೇಕು. ಮಾಡಿದ್ರೆ ಕಿರುಬೆರಳು ಸಾಕು, ನೋಡು.”

ಅವಳು ಕಿರುಬೆರಳಿನಲ್ಲೇ ಎಳೆದು ನೋಡಿದಳು. ಬಂತು.

ಆಮೇಲೆ ಅದು ಅವರಿಬ್ಬರ ಆಟದಂತಾಯಿತು. ಜಗಳವಾದರೆ ಅವಳು ಒಳಗೆ ಚಿಲಕ ಹಾಕಿಕೊಳ್ಳುವಳು. ಅವನು ಮೂರು ಸಲ ತಟ್ಟಿ, ಮೆಟ್ಟಿಲ ಮೇಲೆ ಕೂರುವನು. ನಾಲ್ಕನೆಯ ಸಲ ಯಾವತ್ತೂ ತಟ್ಟುತ್ತಿರಲಿಲ್ಲ. ಸಿಳ್ಳೆ ಹಾಕುತ್ತಾ, ಚೀಲದಲ್ಲಿದ್ದ ಯಾವುದಾದರೂ ಹಳೇ ಬೀಗ ಬಿಚ್ಚುತ್ತಾ ಕೂತಿರುವನು. ಹತ್ತು ನಿಮಿಷಕ್ಕೆ ಅವಳಿಗೇ ನಗು ಬಂದು ಬಾಗಿಲು ತೆರೆಯುವಳು.

“ಬೀಗದೋನ್ನ ಹೊರಗೆ ಕೂರಿಸಿದೀಯಲ್ಲೇ, ಬೀದಿಯೋರು ಏನಂದ್ಕೋತಾರೆ?” ಎಂದು ಅವನು ಒಳಗೆ ಬರುವನು.

*

ಮಣ್ಣು ಹಾಕಿ ಮುಗಿದ ಮೇಲೆ ಒಬ್ಬೊಬ್ಬರೇ ಗೇಟಿನ ಹತ್ತಿರದ ನಲ್ಲಿಯಲ್ಲಿ ಕೈ ತೊಳೆದು ಹೊರಟರು. ಹೆಂಡತಿ ಬೇಕೆಂದೇ ತಡ ಮಾಡಿದಳು. ಸಭಾಪಾಲಕರು ಬಂದಾಗ ನಲ್ಲಿ ನಿಲ್ಲಿಸಿದಳು.

“ಅಯ್ಯನವರೇ, ನಾನೊಂದು ತಪ್ಪು ಮಾಡಿದೀನಿ.”

“ಯಾರು ಮಾಡಿಲ್ಲಮ್ಮಾ,” ಎಂದರು ಅವರು. ಮೃದುವಾಗಿ, ನಿಜವಾದ ಕರುಣೆಯಿಂದಲೇ ಹೇಳಿದರು. ಅವಳ ಬಾಯಿಗೆ ಬಂದಿದ್ದ ಮಾತು ಹಿಂದಕ್ಕೆ ಹೋಯಿತು.

ಅವರು ಕೈ ತೊಳೆಯಲಿಲ್ಲ. ಒದ್ದೆ ಮಣ್ಣು ಮೆತ್ತಿದ ಬೆರಳುಗಳನ್ನು ನೋಡುತ್ತಾ ನಿಂತರು. “ತಪ್ಪು ನಂದು. ಮೊನ್ನೆ ಸಭೇಲಿ ಆ ವಿಶ್ವಾಸದ ಕಾಗದ ನಾನು ಅವನ ಮುಂದಿಡಬಾರದಿತ್ತು. ಅದೂ ಅಷ್ಟು ಜನರೆದುರು. ಸಹಿ ಹಾಕಲ್ಲ ಅಂತ ನಂಗೆ ಗೊತ್ತಿತ್ತಮ್ಮಾ. ಆರು ವರ್ಷದಿಂದ ಗೊತ್ತಿತ್ತು. ಎಲ್ಲರೆದುರಾದ್ರೂ ಸೋಲ್ತಾನೇನೋ ಅಂದ್ಕೊಂಡೆ. ಮನೆಗೆ ಹೋಗೋವಾಗ ಮುಖ ಬಿಳಿಚಿಕೊಂಡಿತ್ತು.”

ಅವರು ಮಣ್ಣಿನ ಬೆರಳುಗಳನ್ನು ಒಂದಕ್ಕೊಂದು ಉಜ್ಜಿದರು.

“ಯಾರಿಗೆ ಗೊತ್ತಿತ್ತು ಅಯ್ಯನವರೇ,” ಎಂದಳು ಅವಳು. “ನೀವು ಬೇಜಾರು ಮಾಡ್ಕೋಬೇಡಿ.” ನಲ್ಲಿ ತಿರುಗಿಸಿ ಅವರ ಕೈಗೆ ನೀರು ಬಿಟ್ಟಳು.

*

ಅವನನ್ನು ಸಭೆಯ ಹಿರಿಯರಲ್ಲಿ ಒಬ್ಬನನ್ನಾಗಿ ಮಾಡಬೇಕೆಂದು ಮನೆಮನೆಗೆ ಹೋಗಿ ಹೇಳಿದ್ದವಳು ಅವಳು. ಮೊನ್ನೆ ಸಂಜೆ ಸಭೆ ಕೂಡಿತ್ತು. ಹಿರಿಯನಾಗುವವನು ಸಹಿ ಹಾಕಬೇಕಾದ ವಿಶ್ವಾಸದ ಕಾಗದದಲ್ಲಿ ಆ ಸಾಲೂ ಇತ್ತು. ಅವನು ಕಾಗದವನ್ನು ಎರಡು ಸಲ ಓದಿದ. ಪೆನ್ನನ್ನು ಮುಚ್ಚಿ ಮೇಜಿನ ಮೇಲಿಟ್ಟ.

“ಉಳಿದಿದ್ದೆಲ್ಲ ಸರಿ. ಈ ಸಾಲು ನಂಗೆ ಆಗಲ್ಲ,” ಎಂದ. “ದಿನಾ ಒಬ್ಬರಾದ್ರೂ ಗುರುತಿಲ್ಲದೋರು ನನ್ನನ್ನ ಮನೆಯೊಳಗೆ ಬಿಟ್ಟು, ಮುಗಿಸಿ ಕರೀರಿ ಅಂತ ಹೋಗ್ತಾರೆ. ಅವರ ಮುಖ ನೋಡಿ ನಾನಿದಕ್ಕೆ ಸಹಿ ಹಾಕೋದು ಹೇಗೆ?”

ಯಾರೋ ನಕ್ಕರು. ಅವಳು ಎದ್ದು ಒಬ್ಬಳೇ ಮನೆಗೆ ಬಂದಳು. ಚಿಲಕ ಹಾಕಿದಳು.

ಅರ್ಧ ಗಂಟೆಯ ಮೇಲೆ ಮೂರು ಸಲ ತಟ್ಟಿದ ಸದ್ದು. ಅವಳು ಹಿಂದಿನ ಕೋಣೆಯಲ್ಲಿರಲಿಲ್ಲ. ಇಸ್ತ್ರಿಯ ಮೇಜು ಬಾಗಿಲಿನಿಂದ ನಾಲ್ಕು ಹೆಜ್ಜೆಯಲ್ಲಿತ್ತು. ಫ್ಯಾನು ಓಡುತ್ತಿರಲಿಲ್ಲ.

“ಉಳಿದಿದೆ ಅಂದ್ರಲ್ಲ ಎಲ್ಲರೆದುರು,” ಎಂದಳು ಬಾಗಿಲಿಗೆ. “ನನ್ನಲ್ಲಿ ಹುಡುಕಿ ನೋಡೋಣ. ನಾನು ತೆಗೆಯಲ್ಲ.”

ಹೊರಗೆ ಚೀಲ ಇಟ್ಟ ಸದ್ದಾಯಿತು. ಅವನು ಕೂತ. ಉಸಿರು ಜೋರಾಗಿತ್ತು, ನಡೆದು ಬಂದದ್ದಕ್ಕೆ ಎಂದುಕೊಂಡಳು. ಸಣ್ಣಗೆ ನಕ್ಕ ಹಾಗೂ ಕೇಳಿಸಿತು. ಆಮೇಲೆ ಅವನು ಒಂದು ಮಾತು ಹೇಳಿದ.

ಅವಳು ಒಂದು ಶರ್ಟನ್ನು ಮೇಜಿನ ಮೇಲೆ ಹರಡಿದಳು.

*

ಸಂಜೆಯ ಹೊತ್ತಿಗೆ ಮನೆ ಖಾಲಿಯಾಯಿತು. ಬಡಗಿ ಕೊನೆಗೆ ಹೊರಟವನು. “ನಾಳೆ ಬಂದು ಆ ಕೊಂಡಿಗೆ ಹತ್ತಿದ ಪಾಲಿಶ್ ಒರೆಸಿಕೊಡ್ತೀನಿ ತಂಗೀ,” ಎಂದು ಹೇಳಿ ಹೋದ. ಮೇಲಿನ ಮನೆಯಾಕೆ ಫ್ಲಾಸ್ಕಿನಲ್ಲಿ ಟೀ ಇಟ್ಟು, ಇಬ್ಬರೂ ಸ್ವಲ್ಪ ಮಲಗಬೇಕೆಂದು ಅಪ್ಪಣೆ ಮಾಡಿ ಮೇಲೆ ಹೋದಳು.

ಅತ್ತೆ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತಿದ್ದರು. ಚೀಲ ಇನ್ನೂ ತೊಡೆಯ ಮೇಲಿತ್ತು. ಸೊಸೆ ಟೀ ಬಗ್ಗಿಸಿ ಕೊಟ್ಟಳು. ಅವರು ಲೋಟ ಹಿಡಿದುಕೊಂಡರು, ಕುಡಿಯಲಿಲ್ಲ.

“ಚಿಕ್ಕೋನಿದ್ದಾಗ ಜ್ವರ ಬಂದ್ರೂ ಹೇಳ್ತಿರ್ಲಿಲ್ಲ,” ಎಂದರು. “ನಾನೇ ಹಣೆ ಮುಟ್ಟಿ ನೋಡ್ಬೇಕಿತ್ತು. ಹೇಳೋ ಪೈಕಿ ಅಲ್ಲ ಅವನು. ಏನೂ ಅಂದಿರಲ್ಲ ಬಿಡು.”

ಐದನೆಯ ಸಲ ಅವರು ಕೇಳಲೇ ಇಲ್ಲ. ಕೇಳಿದ್ದರೆ ಅವಳು ಮತ್ತೆ ಇಲ್ಲವೆನ್ನುತ್ತಿದ್ದಳೇನೋ.

“ಅಂದ್ರು ಅತ್ತೆ.”

ಅತ್ತೆ ಲೋಟ ಕೆಳಗಿಟ್ಟರು.

“ನಿಧಾನಕ್ಕೆ ತೆಗಿ, ನಂಗೇನೂ ಅವಸರ ಇಲ್ಲ, ಅಂದ್ರು.”

ಚೀಲದೊಳಗಿನ ಕೀಲಿಗಳು ಒಮ್ಮೆ ಸದ್ದು ಮಾಡಿ ಸುಮ್ಮನಾದವು.

“ಯಾರಿಗೆ?”

“ನಂಗೆ. ನಾನಿಲ್ಲೇ ಇದ್ದೆ.” ಅವಳು ಇಸ್ತ್ರಿಯ ಮೇಜನ್ನು ತೋರಿಸಿದಳು. “ಚಿಲಕ ಹಾಕಿದ್ದು ನಾನು. ತಟ್ಟಿದ್ದು ಕೇಳಿಸ್ತು. ತೆಗೆಯಲ್ಲ ಅಂದೆ.”

“ಎಷ್ಟು ಹೊತ್ತು?”

“ಐದು ಶರ್ಟು.”

ಅತ್ತೆಯ ಕಣ್ಣು ಮೇಜಿನ ಕಡೆ ಹೋಯಿತು. ಮಡಿಸಿಟ್ಟ ಐದು ಶರ್ಟುಗಳು ಒಂದರ ಮೇಲೊಂದು ಹಾಗೇ ಇದ್ದವು. ಆಮೇಲೆ ಇಸ್ತ್ರಿ ಮಾಡಿದ ಆರನೆಯದನ್ನು ಅವನಿಗೆ ತೊಡಿಸಿದ್ದರು.

“ಮೂರನೇದು ಆದಾಗ ಬಂದೆ ಅತ್ತೆ. ಚಿಲಕದ ಮೇಲೆ ಬೆರಳಿಟ್ಟೆ. ತೆಗೀಬೇಕು ಅನ್ನಿಸ್ತು. ನಿಜವಾಗ್ಲೂ ಅನ್ನಿಸ್ತು.” ಅವಳ ದನಿ ಏರಲಿಲ್ಲ. “ವಾಪಸ್ ಹೋಗಿ ನಾಲ್ಕನೇದು ಹರಡಿದೆ.”

ಅತ್ತೆ ಚೀಲವನ್ನು ಎದೆಗವಚಿಕೊಂಡು ಎದ್ದರು. ಬಾಗಿಲು ತೆರೆದು ಹೊರಗೆ ಹೋದರು. ಗೋಡೆ ಹಿಡಿದು, ಒಂದು ಮೊಣಕಾಲು ಮಡಿಸಿ, ಇನ್ನೊಂದು ಮಡಿಸಿ, ಮೆಟ್ಟಿಲ ಮೇಲೆ ಕೂತರು. ಚೀಲವನ್ನು ಪಕ್ಕದಲ್ಲಿಟ್ಟರು. ಆ ಸದ್ದು ಮೊನ್ನೆಯದೇ ಆಗಿತ್ತು.

“ಬಾಗಿಲು ಹಾಕು,” ಎಂದರು, ಬೀದಿಯನ್ನು ನೋಡುತ್ತಾ.

ಅವಳು ಬಾಗಿಲನ್ನು ಮುಂದಕ್ಕೆ ತಳ್ಳಿದಳು.

“ಚಿಲಕ.”

“ಅತ್ತೆ, ಬೇಡ…”

“ಹಾಕು ಅಂದೆ.”

ಹಾಕಿದಳು. ಹಿತ್ತಾಳೆಯ ಸರಳು ಕೊಂಡಿಯೊಳಗೆ ಸದ್ದಿಲ್ಲದೆ ಹೋಗಿ ಕೂತಿತು. ಕೊಂಡಿಯ ಅಂಚಿನಲ್ಲಿ ಪೆಟ್ಟಿಗೆಯ ಕಂದು ಪಾಲಿಶ್ ಅಂಟಿಕೊಂಡಿತ್ತು.

ಬಾಗಿಲಿಗೆ ಹಣೆಯಾನಿಸಿ ನಿಂತಳು. ಎಲ್ಲವೂ ಕೇಳಿಸುತ್ತಿತ್ತು. ಅತ್ತೆಯ ಉಸಿರು ಕೇಳಿಸುತ್ತಿತ್ತು. ಅವರು ಸೀರೆಯ ಸೆರಗು ಎಳೆದುಕೊಂಡದ್ದು ಕೇಳಿಸಿತು. ಅವರು ಬಾಗಿಲಿಗೆ ಒರಗಿದಾಗ ಹಲಗೆ ಸಣ್ಣಗೆ ನರಳಿದ್ದು ಅವಳ ಹಣೆಗೇ ತಾಗಿತು. ಬೀದಿಯಲ್ಲಿ ಯಾವುದೋ ಸೈಕಲ್ ಹೋಯಿತು. ಕರೆಯಬೇಕೇ, ಕಾಯಬೇಕೇ, ಅಳಬೇಕೇ, ಅವಳಿಗೆ ತಿಳಿಯಲಿಲ್ಲ. ಹೊರಗಿನ ಬೆಳಕು ಬಾಗಿಲ ಸಂದಿಯಲ್ಲಿ ಹಳದಿಗೆ, ಆಮೇಲೆ ಬೂದುಬಣ್ಣಕ್ಕೆ ತಿರುಗಿತು. ಹಲಗೆಯ ಮೇಲಿನ ಭಾರ ಸರಿಯಿತು. ಅತ್ತೆ ಇತ್ತ ತಿರುಗಿದರು.

ಒಂದು ಸಲ ತಟ್ಟಿದ ಸದ್ದು.

ಅವಳ ಕಿರುಬೆರಳು ಚಿಲಕದ ಮೇಲೇ ಇತ್ತು. ಎಳೆದಳು. ಬಂತು.

ಬಾಗಿಲು ಪೂರ್ತಿ ತೆರೆದುಕೊಂಡಿತು. ಹೊಸ್ತಿಲ ಆಚೆ, ಮೆಟ್ಟಿಲ ಮೇಲೆ, ಎರಡನೆಯ ಸಲ ತಟ್ಟಲು ಎತ್ತಿದ್ದ ಅತ್ತೆಯ ಕೈ ಗಾಳಿಯಲ್ಲಿ ಹಾಗೇ ನಿಂತಿತ್ತು.